ಏಳೂವರೆ ಸಾವಿರ ಮೈಲಿ

ಹ್ಯಾಮ್‌ಟ್ರಾಮಿಕ್, ಮಿಷಿಗನ್
ಮಾರ್ಚ್ 9, 1997

ಲೊರೇನ್,

ಅಕ್ಷರ ನೋಡಿಯೇ ಲಕೋಟೆಯನ್ನು ಕಸದ ಬುಟ್ಟಿಗೆ ಎಸೆಯದಿದ್ದರೆ ಮುಂದಕ್ಕೆ ಓದು. ನಾಲ್ಕು ವರ್ಷ ಸುಮ್ಮನಿದ್ದ ಅಪ್ಪನಿಗೆ ಇದ್ದಕ್ಕಿದ್ದಂತೆ ಏನು ಬಂತು ಎಂದು ನಿನಗೆ ಅನ್ನಿಸಬಹುದು. ಏನೂ ಬಂದಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದವಾದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ನೀನೂ ಫೋನ್ ಮಾಡಬೇಡ, ಬರೆ.

ನಿನ್ನ ಕಾರಿನ ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡು ಓಡಾಡುತ್ತೀಯಂತೆ, ನಿನ್ನ ತಮ್ಮ ಲೆನ್ನಿ ಹೇಳಿದ. ಆ ಪರದೇಶದ ಡಬ್ಬಿ ಕೊಂಡಾಗಲೇ ನಾನು ಹೇಳಿದ್ದೆ. ಹೋಗಲಿ, ಅದನ್ನು ಈಗ ಎತ್ತುವುದಿಲ್ಲ. ಮೇ ತಿಂಗಳಲ್ಲಿ ನಿನ್ನ ಹುಟ್ಟುಹಬ್ಬ. ನಿವೃತ್ತರಿಗೆ ಕಾರ್ಖಾನೆಯವರು ಕೊಡುವ ರಿಯಾಯಿತಿಯಲ್ಲಿ ನಿನಗೊಂದು ಪಿಕಪ್ ಟ್ರಕ್ ಕೊಂಡಿದ್ದೇನೆ. ಹೊಚ್ಚ ಹೊಸದು, ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಬಣ್ಣ ಹಸಿರು, ನಿನ್ನ ಅಮ್ಮ ಅಡುಗೆಮನೆಗೆ ಹೊಡೆಸಿದ್ದ ಹಸಿರು. ಯಾವ ಲಾರಿಯ ಮೇಲೆ ಹೇರಿ ಕಳಿಸಲಿ, ಯಾವ ವಿಳಾಸಕ್ಕೆ ಎಂದು ಎರಡು ಸಾಲು ಬರೆದರೆ ಸಾಕು.

ಹೋದ ತಿಂಗಳು ಪೂಂಚ್ಕಿ ಹಬ್ಬಕ್ಕೆ ಬೇಕರಿಯ ಮುಂದೆ ಚಳಿಯಲ್ಲಿ ಸಾಲು ನಿಂತು ಕರಿದ ಸಿಹಿ ಬನ್ನು ಒಂದು ಡಜನ್ ತಂದೆ. ನಿನಗಿಷ್ಟವಾದ ಪ್ಲಮ್ ಹೂರಣದ್ದೇ. ತಿನ್ನುವವರು ಯಾರು? ಲೆನ್ನಿ ಒಬ್ಬನೇ ಕೂತು ಮುಗಿಸಿದ.

ನಿನ್ನ ಅಪ್ಪ,
ಝಿಗ್ಮಂಟ್ ಪಲ್ಕಾ

*

ರಿವರ್‌ಸೈಡ್, ಕ್ಯಾಲಿಫೋರ್ನಿಯಾ
ಏಪ್ರಿಲ್ 2, 1997

ಅಪ್ಪ,

ನಿಮ್ಮ ಕಾಗದ ತಲುಪಿತು. ಉಡುಗೊರೆಗೆ ಕೃತಜ್ಞತೆಗಳು. ಆದರೆ ಆ ಟ್ರಕ್ಕನ್ನು ನಾನು ಇಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ.

ಲೆನ್ನಿಗೆ ಫೋನ್ ಮಾಡಿ, ಬಾನೆಟ್ ಎತ್ತಿ ಒಳಗಿನ ಚೀಟಿ ಓದು ಎಂದೆ. ಅದು ಕೇಂದ್ರದ ನಿಯಮಕ್ಕೆ ತಕ್ಕಂತೆ ಕಟ್ಟಿದ ಗಾಡಿ. ಬೇರೆಲ್ಲ ಕಡೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಹೊಗೆಯ ವಿಷಯದಲ್ಲಿ ನಮ್ಮ ರಾಜ್ಯದ ನಿಯಮ ಬೇರೆ, ಅದು ವಾಷಿಂಗ್ಟನ್ನಿನದಕ್ಕಿಂತ ಬಿಗಿ. ನಮ್ಮ ಚೀಟಿ ಇಲ್ಲದ ಗಾಡಿ ಏಳೂವರೆ ಸಾವಿರ ಮೈಲಿ ಓಡಿರದಿದ್ದರೆ ಅದನ್ನು ಹೊಸದೆಂದೇ ಲೆಕ್ಕ ಹಾಕುತ್ತಾರೆ, ಇಲ್ಲಿಯವರ ಹೆಸರಿಗೆ ನೋಂದಣಿ ಮಾಡುವುದಿಲ್ಲ. ಆ ಮೈಲಿಯೂ ಗಾಡಿ ಇಲ್ಲಿಯವರ ಕೈಗೆ ಬರುವ ಮೊದಲೇ ಓಡಿರಬೇಕು. ವಿನಾಯಿತಿ ಕೆಲವೇ. ವಿಚ್ಛೇದನದಲ್ಲಿ ಪಾಲಿಗೆ ಬಂದ ಗಾಡಿಗೆ ಮೈಲಿಯ ಲೆಕ್ಕವಿಲ್ಲ. ಒಡೆಯರು ತೀರಿಕೊಂಡು ವಾರಸುದಾರರಿಗೆ ಬಂದರೂ ಇಲ್ಲ. ನಮ್ಮ ವಿಷಯಕ್ಕೆ ಇವು ಯಾವುವೂ ಅನ್ವಯಿಸುವುದಿಲ್ಲ.

ನಾನು ಕೆಲಸ ಮಾಡುವುದೇ ಆ ನಿಯಮ ಮಾಡಿದ ಇಲಾಖೆಯ ಪ್ರಯೋಗಾಲಯದಲ್ಲಿ. ದಿನವೂ ಗಾಡಿಗಳ ಹೊಗೆ ಕೊಳವೆಗೆ ನಳಿಗೆ ಹಾಕಿ ಅಳೆಯುವವಳು ಹಿಂಬಾಗಿಲಿನಿಂದ ಇಂಥ ಗಾಡಿ ತರಿಸಿಕೊಳ್ಳಲಾರೆ. ಅದನ್ನು ಲೆನ್ನಿಗೆ ಕೊಟ್ಟುಬಿಡಿ.

ಪ್ಲಮ್ ಹೂರಣದ್ದು ಅಮ್ಮನಿಗೆ ಇಷ್ಟ. ನನಗೆ ಇಷ್ಟವಾದದ್ದು ಗುಲಾಬಿ ಮುರಬ್ಬದ್ದು.

ಲೊರೇನ್

*

ಹ್ಯಾಮ್‌ಟ್ರಾಮಿಕ್
ಏಪ್ರಿಲ್ 14, 1997

ಲೊರೇನ್,

ನಿನ್ನ ಕಾಗದ ಓದಿ ಹೋಗಿ ಬಾನೆಟ್ ಎತ್ತಿದೆ. ಎತ್ತಿ ಹಾಗೇ ನಿಂತುಬಿಟ್ಟೆ. ಮುಚ್ಚಲು ಮನಸ್ಸಾಗಲಿಲ್ಲ.

ನಾನು ಕಾರ್ಖಾನೆಯ ಜೋಡಣೆ ಲೈನಿನಲ್ಲಿ ಕೊನೆಯ ವರ್ಷಗಳಲ್ಲಿ ಏನು ಮಾಡುತ್ತಿದ್ದೆ ಎಂದು ನಿನಗೆ ಗೊತ್ತಿದೆಯೋ ಇಲ್ಲವೋ. ಮುಂದೆ ಸಾಗಿ ಬರುವ ಪ್ರತಿ ಗಾಡಿಯ ಆರ್ಡರ್ ನೋಡುವುದು, ಅದು ನಿಮ್ಮ ಕಡೆಗೆ ಹೋಗುವುದಾದರೆ ಗಾಜಿನ ಮೂಲೆಯಲ್ಲಿ ಹಳದಿ ಮೇಣದ ಬಳಪದಿಂದ ದೊಡ್ಡದಾಗಿ 'ಸಿ' ಎಂದು ಬರೆಯುವುದು. ಆ 'ಸಿ' ನೋಡಿ ಮುಂದಿನವರು ನಿಮ್ಮ ಕ್ಯಾಲಿಫೋರ್ನಿಯಾದ ಸಾಮಾನು, ನಿಮ್ಮ ಕ್ಯಾಲಿಫೋರ್ನಿಯಾದ ಚೀಟಿ ಹಾಕುತ್ತಿದ್ದರು. "ಬಂತು ನೋಡ್ರೋ ಸಿನಿಮಾದವರ ಗಾಡಿ, ಕೈ ತೊಳ್ಕೊಂಡು ಮುಟ್ರಪ್ಪ" ಎಂದು ರೇಗಿಸುತ್ತಿದ್ದರು. ಬೈದುಕೊಂಡೇ ಬರೆಯುತ್ತಿದ್ದೆ, ಆದರೆ ಒಂದನ್ನೂ ತಪ್ಪಿಸಲಿಲ್ಲ. ಊರವರ ಗಾಡಿಗೆಲ್ಲ 'ಸಿ' ಬರೆದವನು ಸ್ವಂತ ಮಗಳ ಗಾಡಿಗೆ ಮರೆತೆ. ಆರ್ಡರಿನಲ್ಲಿ ನನ್ನ ವಿಳಾಸ ಕೊಟ್ಟೆ, ಅವರು ಮಿಷಿಗನ್ನಿಗೆಂದು ಕಟ್ಟಿದರು. ಲೈನಿನಲ್ಲಿ ನನ್ನ ಜೊತೆಗಿದ್ದ ಡಚ್ ಹಾಲಿಸ್‌ಗೆ ಇದು ಗೊತ್ತಾದರೆ ನಾನು ಸತ್ತ ಮೇಲೂ ನಗುತ್ತಾನೆ.

ಲೆನ್ನಿಗೆ ಕೊಡುವುದಿಲ್ಲ. ಅವನು ಅದನ್ನು ಎರಡೇ ವರ್ಷದಲ್ಲಿ ಹಾಳು ಮಾಡುತ್ತಾನೆ. ನೀನು ಬರೆದ ದಾರಿಗಳನ್ನು ಯೋಚಿಸಿದೆ. ನಾವಿಬ್ಬರೂ ಗಂಡ-ಹೆಂಡಿರಲ್ಲವಾದ್ದರಿಂದ ವಿಚ್ಛೇದನ ಆಗದು. ನಾನು ಸಾಯುವ ದಾರಿ ಸಲೀಸಾಗಿ ಕಾಣುತ್ತದೆ, ಆದರೆ ನಿನಗೆ ಅಷ್ಟು ಸುಲಭವಾಗಿ ಬಿಟ್ಟುಕೊಡುವವನಲ್ಲ ನಾನು. ಉಳಿದದ್ದು ಮೈಲಿ. ಏಳೂವರೆ ಸಾವಿರ ತಾನೇ? ನನಗೇನು ಕೆಲಸವಿದೆ? ನಾನೇ ಓಡಿಸುತ್ತೇನೆ. ಓಡಿಸಿ, ಹಳೆಯದು ಮಾಡಿ, ಆಮೇಲೆ ಕೊಡುತ್ತೇನೆ. ಆಗ ನಿನ್ನ ಸರ್ಕಾರ ಏನು ಹೇಳುತ್ತದೋ ನೋಡೋಣ.

ಇವತ್ತೇ ಶುರು. ಗಾಜಿನ ಮೇಲೆ 'ಸಿ' ಬರೆದಾಯಿತು.

ಅಪ್ಪ

*

ರಿವರ್‌ಸೈಡ್
ಜೂನ್ 3, 1997

ಅಪ್ಪ,

ಇದು ಹುಚ್ಚಾಟ. ನಿಮಗೆ ಎಪ್ಪತ್ತೊಂದು. ನೀವು ಹೋದ ತಿಂಗಳೆಲ್ಲ ಊರೂರು ಸುತ್ತಿದ್ದೀರಿ ಎಂದು ಲೆನ್ನಿ ಹೇಳಿದ. ನಮ್ಮ ಗಾಳಿ ಕೆಡಬಾರದೆಂದು ಮಾಡಿದ ನಿಯಮವನ್ನು ದಾಟಲು ನಿಮ್ಮ ಗಾಳಿಗೆ ಹೊಗೆ ಬಿಡುತ್ತಿದ್ದೀರಿ. ಇದನ್ನು ಪ್ರಯೋಗಾಲಯದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ನಿಯಮ ಯಾಕಿದೆ ಎಂದು ನೀವು ಕೇಳಲಿಲ್ಲ. ಯಾವತ್ತೂ ಕೇಳಲಿಲ್ಲ. ನಾನಾಗಿಯೇ ಹೇಳುತ್ತೇನೆ. ನಮ್ಮ ಊರಿನ ಮೂರು ಕಡೆ ಬೆಟ್ಟ. ಲಾಸ್ ಏಂಜಲೀಸಿನ ಹೊಗೆಯೆಲ್ಲ ಮಧ್ಯಾಹ್ನದ ಹೊತ್ತಿಗೆ ಇಲ್ಲಿಗೆ ಬಂದು ಕೂರುತ್ತದೆ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಊರಿಗೆ ಬೆಟ್ಟವಿದೆ ಎಂಬುದು ನನಗೆ ತಿಂಗಳುಗಟ್ಟಲೆ ಗೊತ್ತೇ ಇರಲಿಲ್ಲ. ಒಂದು ದಿನ ಮಳೆ ಬಂದು ನಿಂತ ಮೇಲೆ ನೋಡುತ್ತೇನೆ, ತಲೆಯ ಮೇಲೇ ಹಿಮದ ಶಿಖರ ನಿಂತಿದೆ. ಅಂದಿನಿಂದ ಈ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಅನ್ನಕ್ಕೆ ಕಲ್ಲು ಹಾಕಬೇಕೆಂದು ಮಾಡಿದ್ದಲ್ಲ.

ಆ ಮಾತು ನೀವು ಆಡಿದ್ದೇ. ಅಮ್ಮನನ್ನು ಮಣ್ಣು ಮಾಡಿದ ದಿನ, ಹಾಲ್‌ನಲ್ಲಿ ಊಟಕ್ಕೆ ಕೂತಾಗ, ಎಲ್ಲರ ಎದುರಿಗೆ. ನಾನು ಬಿಗಿ ನಿಯಮದ ಪರವಾಗಿ ಸಾಕ್ಷಿ ಹೇಳಿದ್ದನ್ನು ಟಿವಿಯಲ್ಲಿ ನೋಡಿದ್ದಿರಿ, ನಿಮ್ಮ ಲೈನ್ ಅದೇ ವರ್ಷ ಮುಚ್ಚಿತ್ತು. ನನಗೆ ಎಲ್ಲ ನೆನಪಿದೆ.

ನಿಧಾನವಾಗಿ ಓಡಿಸಿ. ರಾತ್ರಿ ಓಡಿಸಬೇಡಿ.

ಲೊರೇನ್

*

ಅಲ್ಪೀನಾ, ಮಿಷಿಗನ್
ಜುಲೈ 20, 1997

ಲೊರೇನ್,

ಇದನ್ನು ಡಚ್ ಹಾಲಿಸ್‌ನ ಮನೆಯ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹ್ಯೂರಾನ್ ಸರೋವರ ಎದುರಿಗೇ ಇದೆ. ಸೇತುವೆ ದಾಟಿ ಮೇಲಿನ ಕಾಡುಸೀಮೆಯನ್ನೂ ಸುತ್ತಿ ಬಂದೆ. ಅಲ್ಲಿ ದಾರಿಬದಿಯಲ್ಲಿ ಮಾಂಸದ ಕಡುಬು ತಿಂದೆ, ನಿನ್ನ ಅಮ್ಮ ಇದ್ದಿದ್ದರೆ ಉಪ್ಪು ಸಾಲದು ಎನ್ನುತ್ತಿದ್ದಳು. ಮೈಲಿ ಮೂರು ಸಾವಿರ ದಾಟಿತು.

ಡಚ್‌ಗೆ ಕತೆ ಹೇಳಲೇಬೇಕಾಯಿತು, ಗಾಜಿನ ಮೇಲಿನ 'ಸಿ' ಅವನ ಕಣ್ಣಿಗೆ ಮೊದಲು ಬಿತ್ತು. "ಏನೋ ಝಿಗ್ಗಿ, ಮಗಳು ಅಲ್ಲಿ ಸರ್ಕಾರ, ಅಪ್ಪ ಇಲ್ಲಿ ಅವಳ ಡ್ರೈವರ್ರಾ?" ಎಂದ. "ಹೌದು ಕಣಯ್ಯ, ಸಂಬಳ ಇಲ್ಲ, ರಜಾನೂ ಇಲ್ಲ" ಎಂದೆ. ಅವನ ಹೆಂಡತಿ ಅಳುವಷ್ಟು ನಕ್ಕಳು. ಡಚ್ ಮಾತ್ರ ಸ್ವಲ್ಪ ಹೊತ್ತಾದ ಮೇಲೆ ಹೇಳಿದ, "ನಮ್ಮ ಲೈನ್ ಮುಚ್ಚಿದ್ದು ಅವಳಿಂದ ಅಲ್ಲ ಬಿಡೋ. ನಾವು ಮಾಡ್ತಿದ್ದ ಗಾಡಿ ಯಾರಿಗೂ ಬೇಡವಾಗಿತ್ತು. ನಿಂಗೂ ಗೊತ್ತು." ನನಗೂ ಗೊತ್ತು.

ಇನ್ನೊಂದು ವಿಷಯ. ಗ್ಯಾಲನ್ನಿಗೆ ಇಷ್ಟು ಮೈಲಿ ಎಂದು ವಾಷಿಂಗ್ಟನ್ನಿನವರ ಲೆಕ್ಕದ ಕಾಗದ ಕಿಟಕಿಗೆ ಅಂಟಿಸಿ ಕೊಡುತ್ತಾರಲ್ಲ, ಅದಕ್ಕಿಂತ ಎರಡು ಮೈಲಿ ಹೆಚ್ಚೇ ಕೊಡುತ್ತಿದೆ ಗಾಡಿ. ನಿನ್ನ ಪ್ರಯೋಗಾಲಯದಲ್ಲಿ ಹೇಳು, ಝಿಗ್ಮಂಟ್ ಪಲ್ಕಾನ ಕಾಲು ಯಾವ ಯಂತ್ರಕ್ಕೂ ಕಡಿಮೆಯಲ್ಲ ಎಂದು. ನಡುನಡುವೆ ನಿಲ್ಲಿಸಿ ಸುಧಾರಿಸಿಕೊಂಡು ಹೋಗುತ್ತೇನೆ. ಪಕ್ಕದ ಸೀಟಿನಲ್ಲಿ ನನಗೊಂದು ಜೊತೆ ಇದೆ, ಬೆಲ್ಟ್ ಹಾಕಿ ಕೂರಿಸಿದ್ದೇನೆ, ಮಾತು ಕಮ್ಮಿ.

ಬೆಟ್ಟದ ವಿಷಯ ನೀನು ಬರೆದದ್ದನ್ನು ಎರಡು ಸಲ ಓದಿದೆ. ಗಾಳಿಗೆ ಗಡಿ ಹಾಕಲು ಹೊರಟ ಮೂರ್ಖರು ಎಂದು ನಿಮ್ಮನ್ನು ಬೈಯುತ್ತಿದ್ದೆ. ಬೆಟ್ಟವೇ ಗಡಿ ಹಾಕಿದೆ ಎಂದು ನೀನು ಮೊದಲೇ ಹೇಳಬಾರದಿತ್ತೇ?

ಅಪ್ಪ

*

ರಿವರ್‌ಸೈಡ್
ಆಗಸ್ಟ್ 17, 1997

ಅಪ್ಪ,

ಹೇಳಿದ್ದೆ. ನೀವು ಟಿವಿ ಆರಿಸಿರಬೇಕು.

ಇಲ್ಲ, ಜಗಳಕ್ಕೆ ಬರೆಯುತ್ತಿಲ್ಲ. ನಿಮ್ಮ ಕಾಗದವನ್ನು ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳಿಗೆ ಓದಿ ಹೇಳಿದೆ. ನಮ್ಮ ಮೇಲಧಿಕಾರಿ ನಕ್ಕು, "ಲೊರೇನ್, ನಿಮ್ಮಪ್ಪನಿಗೆ ಇಲ್ಲೇ ಒಂದು ಕೆಲಸ ಕೊಡೋಣ ಕಣೇ" ಎಂದರು. ಈಗ ಪ್ರತಿ ಸೋಮವಾರ ಅಪ್ಪನ ಮೈಲಿ ಎಷ್ಟಾಯ್ತು ಎಂದು ಕೇಳುತ್ತಾರೆ. ಬೆಟ್ಟದ ದಾರಿಯಲ್ಲಿ ಟ್ರಕ್ ನಿಲ್ಲಿಸಲು ಒಂದು ಒಳ್ಳೆಯ ಜಾಗ ನೋಡಿಟ್ಟಿದ್ದೇನೆ.

ನಿಮ್ಮ ಜೊತೆ ಬರುವವರು ಯಾರು? ಪಕ್ಕದ ಬೀದಿಯ ಸ್ಟೆಫಾನಿಯಾ ಅಲ್ಲ ತಾನೇ? ಹೌದಾದರೆ ಹೇಳಿ, ನಾನೇನೂ ಅಂದುಕೊಳ್ಳುವುದಿಲ್ಲ. ಅಮ್ಮನೂ ಅಂದುಕೊಳ್ಳುತ್ತಿರಲಿಲ್ಲ.

ಒಂದು ಸಲ ಫೋನ್ ಮಾಡಲೇ? ಜಗಳ ಆಡುವುದಿಲ್ಲ, ಮಾತು ಕೊಡುತ್ತೇನೆ.

ನಿಮ್ಮ ಲೊರೇನ್

*

ಹ್ಯಾಮ್‌ಟ್ರಾಮಿಕ್
ಸೆಪ್ಟೆಂಬರ್ 21, 1997

ಲೊರೇನ್ ಮಗಳೇ,

ಸ್ಟೆಫಾನಿಯಾ ಅಂತೆ! ಅವಳು ನನ್ನ ಟ್ರಕ್ಕಿನಲ್ಲಿ ಕೂತರೆ ಗ್ಯಾಲನ್ನಿಗೆ ಐದು ಮೈಲಿ ಬಿದ್ದುಹೋಗುತ್ತದೆ. ಫೋನ್ ಬೇಡ. ಕಾಗದವೇ ಚೆನ್ನ, ಎತ್ತಿಟ್ಟುಕೊಂಡು ಮತ್ತೆ ಓದಬಹುದು.

ಬಡ್ಡಿಮಗಂದು ಈ ಗಾಡಿ ಎಷ್ಟು ಚೆನ್ನಾಗಿ ಓಡುತ್ತದೆ ಗೊತ್ತೇ. ನಾಲ್ಕೂವರೆ ಸಾವಿರ ಆಯಿತು. ಅಕ್ಟೋಬರಿನಲ್ಲಿ ಇಲ್ಲಿ ಎಲೆಗಳಿಗೆ ಬಣ್ಣ ಬರುವ ಹೊತ್ತು. ಒಂದು ವಾರ ರಜೆ ಹಾಕಿ ಬಾ. ನೀನು ಓಡಿಸು, ನಾನು ಪಕ್ಕದಲ್ಲಿ ಕೂರುತ್ತೇನೆ. ಸರೋವರದ ದಂಡೆ ಹಿಡಿದು ಒಂದು ಸುತ್ತು ಹೋಗಿ ಬರೋಣ. ನೀನು ಆರು ವರ್ಷದವಳಿದ್ದಾಗ ಹಾಗೆ ಹೋಗಿದ್ದೆವು, ನನ್ನ ತೊಡೆಯ ಮೇಲೆ ಕೂತು ಸ್ಟಿಯರಿಂಗ್ ಹಿಡಿದಿದ್ದೆ.

ಆ ದಿನ ಹಾಲ್‌ನಲ್ಲಿ ನಾನು ಅಂದ ಮಾತಿನ ವಿಷಯ. ಅದು ಬರೆಯಲು ಬರುವುದಿಲ್ಲ. ಮೂರು ಹಾಳೆ ಹರಿದು ಹಾಕಿದೆ. ನೀನು ಬಂದಾಗ ಹೇಳುತ್ತೇನೆ.

ಬರುತ್ತೀಯಲ್ಲ?

ಅಪ್ಪ

*

ರಿವರ್‌ಸೈಡ್
ಅಕ್ಟೋಬರ್ 6, 1997

ಅಪ್ಪ,

ಆಸೆ ತುಂಬ ಇದೆ, ಆದರೆ ಈ ತಿಂಗಳು ಆಗದು. ನವೆಂಬರಿನಲ್ಲಿ ಹೊಸ ನಿಯಮದ ವಿಚಾರಣೆ ಇದೆ. ಪಿಕಪ್ ಟ್ರಕ್ಕುಗಳನ್ನೂ ಕಾರಿನಷ್ಟೇ ಬಿಗಿ ಮಾಡಬೇಕೆಂದು ನಮ್ಮ ವಾದ, ಅಳತೆಗಳನ್ನೆಲ್ಲ ಒಪ್ಪಿಸಬೇಕಾದವಳು ನಾನೇ. ನಿಮ್ಮ ಟ್ರಕ್ಕಿನ ವಿರುದ್ಧವೇ ಸಾಕ್ಷಿ ಹೇಳುತ್ತಿದ್ದೇನೆ, ಬೈಯಬೇಡಿ!

ಕ್ರಿಸ್‌ಮಸ್‌ಗೆ ಖಂಡಿತ ಬರುತ್ತೇನೆ. ಎಲೆ ಇರದಿದ್ದರೆ ಏನಂತೆ, ಹಿಮದಲ್ಲೇ ಸುತ್ತೋಣ. ಹೇಳಬೇಕಾದ್ದನ್ನು ಆಗಲೇ ಹೇಳಿ. ನನಗೂ ಹೇಳುವುದಿದೆ.

ನಿಮ್ಮ ಲೊರೇನ್

*

ಹ್ಯಾಮ್‌ಟ್ರಾಮಿಕ್
ನವೆಂಬರ್ 24, 1997

ಲೊರೇನ್,

ನೀನು ಅಪ್ಪನ ಟ್ರಕ್ ಹತ್ತಿ ಹೊರಟು ಎರಡು ದಿನವಾಯಿತು. ಈ ಕಾಗದ ನಿನಗಿಂತ ಮೊದಲೇ ನಿನ್ನ ಮನೆ ಸೇರಬಹುದು. ಅಪ್ಪನನ್ನು ಮಣ್ಣು ಮಾಡಿ ಬಂದ ಸಂಜೆ ನೀನು ನನ್ನ ಅಂಗಿ ಹಿಡಿದು "ಯಾಕೋ ಹೇಳ್ಲಿಲ್ಲ? ಯಾಕೋ ನಂಗೆ ಹೇಳ್ಲಿಲ್ಲ?" ಎಂದು ಕೇಳಿದೆ. ಈಗ ಬರೆಯುತ್ತೇನೆ.

ಅಪ್ಪನ ಶ್ವಾಸಕೋಶ ಕೈಕೊಟ್ಟು ಎರಡು ವರ್ಷವಾಗಿತ್ತು. ಲೈನಿಗೆ ಬರುವ ಮೊದಲು ಬಣ್ಣದ ಕೋಣೆಯಲ್ಲಿ ಕಳೆದ ವರ್ಷಗಳು, ಮೇಲೆ ಸಿಗರೇಟು. ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿದ್ದ ಜೊತೆಗಾರ, ನೀನು ಮನೆಯಲ್ಲಿ ನೋಡಿದ ಆ ಆಮ್ಲಜನಕದ ಸಿಲಿಂಡರೇ. ಫೋನ್ ಬೇಡ ಎಂದದ್ದೂ ಅದಕ್ಕೇ. ನಾಲ್ಕು ಮಾತಾಡುವಷ್ಟರಲ್ಲಿ ಏದುಸಿರು ಬರುತ್ತಿತ್ತು, ಆ ಸದ್ದು ನಿನಗೆ ಕೇಳಬಾರದಿತ್ತು. "ಗಾಳಿ ಅಳೆಯೋಳು ಅವಳು. ಫೋನಲ್ಲೇ ಅಳ್ದುಬಿಡ್ತಾಳೆ ಕಣೋ" ಎನ್ನುತ್ತಿದ್ದ. ನನ್ನಿಂದ ಅಮ್ಮನ ಆಣೆ ಹಾಕಿಸಿಕೊಂಡಿದ್ದ.

ಇನ್ನೊಂದು ಇದೆ. ಐದು ಸಾವಿರ ದಾಟಿ ಸ್ವಲ್ಪವಾಗುತ್ತಲೇ ಗಾಡಿ ನಿಲ್ಲಿಸಿಬಿಟ್ಟ. ಯಾಕಪ್ಪ ಸುಸ್ತಾಯ್ತಾ ಎಂದು ಕೇಳಿದರೆ ಕಣ್ಣು ಮಿಟುಕಿಸಿದ. "ಮಿಕ್ಕಿದ್ದು ಅವಳ ಮನೆ ದಾರಿ ಕಣೋ. ಇಲ್ಲಿಂದ ಹೊರಟ್ರೆ ಅವಳ ಗೇಟಿನ ಹತ್ರ ಹೋಗೋ ಹೊತ್ತಿಗೆ ಸರಿಯಾಗಿ ಏಳೂವರೆ ಸಾವಿರ. ಅಲ್ಲೇ ಇಳಿದು ಕೀ ಕೊಡ್ತೀನಿ" ಎಂದ. ನೀನು ಬರುವುದಿಲ್ಲ ಎಂದು ಬರೆದ ಮೇಲೆ ಅವನೇ ಬರುವವನಿದ್ದ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಹೊತ್ತಿಗೆ ನಿನ್ನ ಬಾಗಿಲು ತಟ್ಟಬೇಕೆಂದು. ನಾನು ಓಡಿಸುವುದು, ಅವನು ಪಕ್ಕದಲ್ಲಿ ಕೂರುವುದು. ಹೆಸರು ಅವನದೇ ಇರುತ್ತದೆ, ಆದ್ದರಿಂದ ಮೈಲಿಯೆಲ್ಲ ಲೆಕ್ಕಕ್ಕೆ ಬರುತ್ತದೆ ಎಂದು ನಿನ್ನ ಏಪ್ರಿಲ್ ಕಾಗದವನ್ನು ನನಗೆ ಓದಿ ತೋರಿಸಿದ. ಬಟ್ಟೆ ಕೂಡ ಜೋಡಿಸಿಟ್ಟಿದ್ದ.

"ಬಾಗಿಲಲ್ಲಿ ನಿಂತು ಏನಂತೀಯಪ್ಪಾ ಅವಳಿಗೆ?" ಎಂದು ಕೇಳಿದೆ. "ಏನೂ ಅನ್ನಲ್ಲ. ಇಷ್ಟು ದೂರ ಬಂದಿರ್ತೀನಲ್ಲ, ಅವಳಿಗೆ ಅರ್ಥ ಆಗುತ್ತೆ" ಎಂದ. ಹೊರಡಲು ಒಂದು ವಾರವಿತ್ತು, ಎದೆಗೆ ಕಫ ಇಳಿಯಿತು. ನಾನು ನಿನಗೆ ಫೋನ್ ಮಾಡುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನನ್ನನ್ನು ಕ್ಷಮಿಸು ಅಕ್ಕ.

ಲೆನ್ನಿ

*

ರಿವರ್‌ಸೈಡ್
ಜನವರಿ 11, 1998

ಲೆನ್ನಿ,

ನಿನ್ನ ಮೇಲೆ ನನಗೆ ಕೋಪವಿಲ್ಲ. ನೀನು ಸಹಿ ಹಾಕಿ ಕಳಿಸಿದ ಕಾಗದಪತ್ರ ಬಂತು. ಮೊನ್ನೆ ಟ್ರಕ್ಕಿನ ನೋಂದಣಿ ಆಯಿತು. ಹೇಗಾಯಿತು ಎಂದು ನಿನಗೆ ಹೇಳಬೇಕು, ಬೇರೆ ಯಾರಿಗೂ ಇದು ಅರ್ಥವಾಗುವುದಿಲ್ಲ.

ದಾರಿಯುದ್ದಕ್ಕೂ ಮೈಲಿಯ ಮೇಲೆ ನನಗೆ ಗಮನವೇ ಇರಲಿಲ್ಲ. ಸಿಲಿಂಡರಿನ ಗುರುತು ಸೀಟಿನ ಮೇಲೆ ಹಾಗೇ ಇತ್ತು, ಅಲ್ಲಿ ನನ್ನ ಚೀಲ ಇಡಲೂ ಆಗಲಿಲ್ಲ. ನಮ್ಮ ರಾಜ್ಯದ ಗಡಿಯಲ್ಲಿ ಹಣ್ಣು ತಪಾಸಣೆಯವನು ಗಾಡಿ ನಿಲ್ಲಿಸಿದ. ಹೊರಗಿನ ಹುಳ ಒಳಗೆ ಬರಬಾರದೆಂದು ಎಲ್ಲರನ್ನೂ ನಿಲ್ಲಿಸುತ್ತಾರೆ. "ಕಿತ್ತಳೆ, ಸೇಬು ಏನಾದ್ರೂ ಇದೆಯಾಮ್ಮ?" ಎಂದ. ಇಲ್ಲ ಎಂದೆ. "ಗಾಜಿನ ಮೇಲೆ ಅದೇನು ಬರ್ದಿರೋದು?" ಎಂದ. ನಮ್ಮಪ್ಪ ಬರೆದದ್ದು ಎಂದೆ. ಅವನು ಪಾಪ, ಹಿಂದಿನ ಗಾಡಿಗಳನ್ನು ತಡೆದು ನಿಲ್ಲಿಸಿ, ನಾನು ಸುಧಾರಿಸಿಕೊಳ್ಳುವ ತನಕ ಕಾದ.

ಮನೆಯ ಗೇಟಿನ ಮುಂದೆ ನಿಲ್ಲಿಸಿ ಎಂಜಿನ್ ಆರಿಸುವಾಗ ಮೀಟರ್ ಕಣ್ಣಿಗೆ ಬಿತ್ತು. ಏಳು ಸಾವಿರದ ಐನೂರು ದಾಟಿ ಇಪ್ಪತ್ತೋ ಮೂವತ್ತೋ. ಅರೆ, ಇದೇನು ಕಾಕತಾಳೀಯ ಎಂದುಕೊಂಡೆ. ಒಳಗೆ ಹೋದರೆ ನಿನ್ನ ಕಾಗದ ಬಾಗಿಲ ಬಳಿ ಬಿದ್ದಿತ್ತು. ಓದಿ, ಮತ್ತೆ ಹೊರಗೆ ಹೋಗಿ ಗಾಡಿಯಲ್ಲಿ ಕೂತೆ. ಅಪ್ಪನ ಲೆಕ್ಕ ಒಂದು ಮೈಲಿಯೂ ತಪ್ಪಿರಲಿಲ್ಲ ಲೆನ್ನಿ. ಹೆಚ್ಚಾದ ಮೈಲಿ ನನ್ನವು, ಅಮರಿಲ್ಲೋದಲ್ಲಿ ನಾನು ದಾರಿ ತಪ್ಪಿದ್ದೆ.

ಹಬ್ಬದ ದಿನ ಯಾರೋ ಬಾಗಿಲು ತಟ್ಟಿದರು. ಪಕ್ಕದ ಮನೆಯವರು, ಸಿಹಿಗುಂಬಳದ ಕಡುಬು ತಂದಿದ್ದರು. ಅವರ ಮುಖ ನೋಡಿ ನಾನು ಅತ್ತುಬಿಟ್ಟೆ.

ನೋಂದಣಿ ಕಚೇರಿಯ ಕಿಟಕಿಯಲ್ಲಿ ಒಬ್ಬ ಹೆಂಗಸಿದ್ದಳು, ಒಳ್ಳೆಯವಳು. ಚೀಟಿ ನೋಡಿ, "ಇದು ಹೊರಗಿನ ಗಾಡಿ ಮೇಡಂ. ನಿಮ್ಮ ಕೈಗೆ ಬಂದಾಗ ಎಷ್ಟು ಓಡಿತ್ತು?" ಎಂದಳು. ಈಗ ಏಳೂವರೆ ಸಾವಿರ ದಾಟಿದೆ ಎಂದೆ. "ಈಗಿಂದಲ್ಲ ಮೇಡಂ, ಕೈಗೆ ಬಂದ ದಿನದ್ದು. ಆಮೇಲೆ ನೀವು ಓಡಿಸಿದ್ದು ಲೆಕ್ಕಕ್ಕೆ ಬರಲ್ಲ." ಆ ಸಾಲು ನನಗೆ ಬಾಯಿಪಾಠ. ಆದರೂ ನಾನು ವಾದ ಮಾಡಿದೆ. ಅಪ್ಪ ಓಡಿಸಿದ್ದು ಎಂದೆ, ಇಷ್ಟು ಮೈಲಿಗೆಂದೇ ಓಡಿಸಿದ್ದು ಎಂದೆ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ನನ್ನ ಹತ್ತಿರ ಹೀಗೆ ವಾದ ಮಾಡಿದವರನ್ನು ನಾನು ಎಷ್ಟು ಸಲ ಹಿಂದಕ್ಕೆ ಕಳಿಸಿಲ್ಲ?

ಅವಳು ನನ್ನ ಕಾಗದಗಳನ್ನು ತಿರುವಿ ಹಾಕಿ ಮರಣಪತ್ರ ನೋಡಿದಳು. ಅವಳ ಮುಖ ಅರಳಿತು, ನನಗೆ ಸಹಾಯ ಮಾಡುವ ದಾರಿ ಸಿಕ್ಕಿತಲ್ಲ ಎಂದು. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ನಿಮ್ಮಪ್ಪ ತೀರ್ಕೊಂಡಿದಾರಲ್ಲ. ಹಂಗಾದ್ರೆ ಮೈಲಿ ಬೇಕಾಗೇ ಇಲ್ಲ ಮೇಡಂ. ಇಲ್ಲಿ ವಾರಸು ಅಂತ ಇದೆ ನೋಡಿ, ಅಲ್ಲಿ ಗುರುತು ಹಾಕಿ" ಎಂದು ಪೆನ್ನು ಕೊಟ್ಟಳು.

ಗುರುತು ಹಾಕಿದೆ. ಐದು ನಿಮಿಷದಲ್ಲಿ ನಂಬರ್ ಫಲಕ ಕೈಗೆ ಬಂತು. ಅಷ್ಟು ಏದುಸಿರು ಬಿಟ್ಟುಕೊಂಡು ಅಪ್ಪ ಓಡಿಸಿದ ಮೈಲಿ ಒಂದೂ ಬೇಕಾಗಲಿಲ್ಲ ಲೆನ್ನಿ. ಅಪ್ಪ ಸತ್ತದ್ದೇ ಸಾಕಾಯಿತು. ಆ ದಾರಿಯನ್ನು ಏಪ್ರಿಲ್‌ನಲ್ಲಿ ಅವನಿಗೆ ಬರೆದು ತಿಳಿಸಿದವಳೂ ನಾನೇ.

ನಿನ್ನೆ ಮಳೆ ಬಂದು ನಿಂತಿದೆ. ಬೆಟ್ಟ ಕಾಣುತ್ತಿದೆ.

ನಿನ್ನ ಅಕ್ಕ,
ಲೊರೇನ್